ಹಬ್ಬದ ಐವತ್ತು ದಿನಗಳ ಪಥ್ಯ

ತೂಕದ ಯಂತ್ರದ ಮೇಲೆ ವಗ್ದಿ ನಿಂತ ರೀತಿಯಲ್ಲೇ ಒಂದು ಮೋಸವಿತ್ತು. ಎಡಗೈ ವಾಶ್‌ಬೇಸಿನ್ನಿನ ಅಂಚಿನ ಮೇಲೆ, ಸುಮ್ಮನೆ ಇಟ್ಟ ಹಾಗೆ, ಭಾರವನ್ನೇನೂ ಬಿಡದ ಹಾಗೆ, ಆದರೆ ಪೂರ್ತಿ ಬಿಟ್ಟು. ಮುಳ್ಳು ತೊಂಬತ್ತಾರರ ಹತ್ತಿರ ನಡುಗಿ ನಿಂತಿತು. ಕೈ ತೆಗೆದ, ಮುಳ್ಳು ಮುಂದಕ್ಕೆ ಹೋಯಿತು. ಮತ್ತೆ ಇಟ್ಟ. ಈ ಆರು ವಾರಗಳಲ್ಲಿ ಯಂತ್ರದ ತಳದ ಪುಟ್ಟ ಚಕ್ರವನ್ನು ಅವನು ಎಷ್ಟು ಸಲ ಆ ಕಡೆ ಈ ಕಡೆ ತಿರುಗಿಸಿದ್ದನೆಂದರೆ ಸೊನ್ನೆ ನಿಜವಾಗಿ ಎಲ್ಲಿದೆ ಎನ್ನುವುದು ಈಗ ದೇವರಿಗೊಬ್ಬನಿಗೇ ಗೊತ್ತಿತ್ತು. ಕೆಲವು ದಿನ ಕಡಿಮೆ ತೋರಿಸಲಿ ಎಂದು ತಿರುಗಿಸಿದ್ದ, ಅದು ಅಮ್ಮನಿಗಾಗಿ. ಕೆಲವು ದಿನ ಜಾಸ್ತಿ ತೋರಿಸಲಿ ಎಂದು ತಿರುಗಿಸಿದ್ದ. ಅದು ಯಾರಿಗಾಗಿ ಎಂದು ಯೋಚಿಸುವ ಗೋಜಿಗೆ ಹೋಗಿರಲಿಲ್ಲ. ಇವತ್ತು ಮಧ್ಯಾಹ್ನ ಆಸ್ಪತ್ರೆಯಲ್ಲಿ, ಚಕ್ರವಿಲ್ಲದ ಯಂತ್ರದ ಮೇಲೆ, ಕೈ ಊರಲು ಬೇಸಿನ್ ಇಲ್ಲದ ಕೋಣೆಯಲ್ಲಿ ಅವನನ್ನು ನಿಲ್ಲಿಸುತ್ತಾರೆ. ನೂರನಾಲ್ಕರಿಂದ ತೊಂಬತ್ತೈದಕ್ಕೆ ಇಳಿದಿದ್ದರೆ, ಅವನ ಲಿವರಿನಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಕತ್ತರಿಸಿ ಅಣ್ಣ ನಸೀಮನ ಹೊಟ್ಟೆಯೊಳಗೆ ಹೊಲಿಯುತ್ತಾರೆ. ಇಳಿದಿಲ್ಲವಾದರೆ ಇಲ್ಲ. ಕೊಬ್ಬು ತುಂಬಿದ ಲಿವರನ್ನು ಅಣ್ಣನಿಗೂ ಕೊಡುವಂತಿಲ್ಲ, ತೆಗೆದ ಮೇಲೆ ತಮ್ಮನೂ ಉಳಿಯುವ ಭರವಸೆಯಿಲ್ಲ ಎಂದಿದ್ದರು. ಅತ್ತಿಗೆಯ ರಕ್ತ ಹೊಂದಲಿಲ್ಲ, ಹೆಣ್ಣುಮಕ್ಕಳಿಬ್ಬರೂ ಇನ್ನೂ ಶಾಲೆಗೆ ಹೋಗುವವರು, ಅಮ್ಮನಿಗೆ ಎಪ್ಪತ್ತೊಂದು. ಉಳಿದವನು ವಗ್ದಿ, ನಲವತ್ತೆರಡು ವರ್ಷ, ಮದುವೆಯಿಲ್ಲ. "ಹಿಂದೆ ಮುಂದೆ ಯಾರೂ ಇಲ್ಲದವನು" ಎಂದು ಬಂಧುಗಳು ಅವನೆದುರೇ ಹೇಳಿದ್ದರು, ಅದೊಂದು ಅರ್ಹತೆ ಎನ್ನುವ ಹಾಗೆ.

"ವಗ್ದೀ, ಎಷ್ಟು ಹೊತ್ತೋ ಒಳಗೆ? ಲಿವರ್ ಆರಿ ಹೋಗ್ತಿದೆ."

ಅವನದಲ್ಲ, ಕರುವಿನದು. ಅಡುಗೆಮನೆಯಿಂದ ಬೆಳ್ಳುಳ್ಳಿ, ಜೀರಿಗೆ, ಹಸಿಮೆಣಸಿನಕಾಯಿ ಎಣ್ಣೆಯಲ್ಲಿ ಸೀಯುವ ವಾಸನೆ ಬಾಗಿಲ ಸಂದಿಯಿಂದ ತೂರಿ ಬಂದು ಅವನ ಬರಿಮೈಯನ್ನು ಅಪ್ಪಿಕೊಂಡಿತು. ಮಗ ಲಿವರ್ ಕೊಡುತ್ತಾನೆ ಎಂದು ಗೊತ್ತಾದ ಮರುದಿನದಿಂದ ತಾಯಿ ಎಸ್ತೆರ್ ಬೆಳಿಗ್ಗೆ ಬೆಳಿಗ್ಗೆ ಲಿವರ್ ಹುರಿಯತೊಡಗಿದ್ದಳು. ಅವಳ ಲೆಕ್ಕ ಸರಳವಾಗಿತ್ತು, ಅವರ ಬಡಾವಣೆ ಶುಬ್ರಾದ ಅರ್ಧ ಹೆಂಗಸರು ಅದನ್ನು ಒಪ್ಪಿದ್ದರು ಕೂಡ. ಎದುರುಮನೆಯವಳು ಭಾನುವಾರಗಳಂದು ಪಾತ್ರೆ ತುಂಬ ಕೋಳಿಯ ಲಿವರ್ ಕಳಿಸುತ್ತಿದ್ದಳು, ಜೊತೆಗೆ ಒಂದು ಕಾಗದದ ಚೂರು: ವೀರನಿಗೆ.

"ಅಮ್ಮಾ, ಹುರಿದಿದ್ದು ಬೇಡ ಅಂದಿದಾರೆ ಡಾಕ್ಟ್ರು. ಎಷ್ಟು ಸಲ ಹೇಳ್ಲಿ."

"ಡಾಕ್ಟ್ರು ಹೆತ್ತಿದಾರಾ ನಿನ್ನ? ನಿನ್ನೊಳಗಿಂದ ತೆಗೀತಾರೆ ಅಂದ್ಮೇಲೆ ಒಳಗೆ ಏನಾದ್ರೂ ಇರ್ಬೇಕೋ ಬೇಡ್ವೋ? ಇಲ್ಲದ ಕಡೆಯಿಂದ ಏನು ತೆಗೀತಾರೆ, ನಿನ್ನ ತಲೇನಾ? ಆಮೇಲೆ, ಇದು ಪುನರುತ್ಥಾನದ ಹಬ್ಬದ ಐವತ್ತು ದಿನ. ಸ್ವಾಮಿ ಎದ್ದು ಬಂದಿರೋ ದಿನಗಳಲ್ಲಿ ಉಪವಾಸ ಮಾಡೋದು ಪಾಪ ಕಣೋ."

"ಇದು ಉಪವಾಸ ಅಲ್ಲಮ್ಮ. ಪಥ್ಯ."

"ಊಟ ಬಿಟ್ರೆ ಉಪವಾಸ. ನೀನು ಹೆಸರು ಬದಲಾಯಿಸಿದ್ರೆ ದೇವರಿಗೆ ಗೊತ್ತಾಗಲ್ವಾ?"

ಇಡೀ ಊರು ತೂಕ ಇಳಿಸಬಹುದಾದ ಕಾಲದಲ್ಲಿ ಅವನು ಏರಿಸಿದ್ದ. ದೊಡ್ಡ ಉಪವಾಸದ ಐವತ್ತೈದು ದಿನ ಮಾಂಸವಿಲ್ಲ, ಹಾಲಿಲ್ಲ, ಮೊಟ್ಟೆಯಿಲ್ಲ, ಮೀನೂ ಇಲ್ಲ. ಹಾಗೆಂದ ಮೇಲೆ ಉಳಿದದ್ದು ಏನು? ಎಣ್ಣೆಯಲ್ಲಿ ಮುಳುಗಿಸಿ ತೆಗೆದ ಬದನೆಕಾಯಿ, ಎಣ್ಣೆಯಲ್ಲೇ ಕರಿದ ಕಾಳಿನ ವಡೆ, ಎಳ್ಳಿನ ಹಲ್ವಾ, ಆಲೂಗಡ್ಡೆ, ರೊಟ್ಟಿ, ರೊಟ್ಟಿಯ ಮೇಲೆ ರೊಟ್ಟಿ. ವರ್ಷದಲ್ಲಿ ಇನ್ನೂರು ದಿನ ವ್ರತ ಹಿಡಿದು ಊದಿಕೊಳ್ಳುವ ಕಲೆ ತಮ್ಮ ಜನಕ್ಕೆ ಮಾತ್ರ ಸಿದ್ಧಿಸಿದ್ದು ಎಂದು ನಸೀಮ್ ನಗುತ್ತಿದ್ದ. ದೇವರಿಗಾಗಿ ಬಿಟ್ಟದ್ದೆಲ್ಲ ನಾಲ್ಕು ಕಿಲೋ ಆಗಿ ವಗ್ದಿಯ ಸೊಂಟದ ಸುತ್ತ ಕೂತಿತ್ತು. ಹಬ್ಬದ ದಿನ ಕಳೆದ ವಾರವೇ ಡಾಕ್ಟರು ಚೀಟಿ ಬರೆದು ಕೊಟ್ಟರು: ಬೇಯಿಸಿದ್ದು, ಹಸಿರು, ದಿನಕ್ಕೆ ಒಂದು ಗಂಟೆ ನಡಿಗೆ. ಚರ್ಚಿನ ಪಾದ್ರಿ ಅಬೂನಾರನ್ನು ಕೇಳಿದಾಗ ಅವರು ತಮ್ಮ ಸ್ವಂತ ಹೊಟ್ಟೆಯ ಇಳಿಜಾರಿನ ಮೇಲೆ ಜಾರುತ್ತಿದ್ದ ಶಿಲುಬೆಯನ್ನು ನೇರ ಮಾಡಿಕೊಳ್ಳುತ್ತಾ, "ಸಂತೋಷದ ದಿನಗಳಲ್ಲಿ ಸಂತೋಷವಾಗಿ ಪಥ್ಯ ಮಾಡಪ್ಪ" ಎಂದಿದ್ದರು. ಅದರ ಮುಂದಿನ ಭಾನುವಾರ ಪ್ರಾರ್ಥನೆಯಲ್ಲಿ ಅವನ ಹೆಸರನ್ನು ಕೂಗಿ ಹೇಳಿದರು. ಜನ ತಿರುಗಿ ನೋಡಿದರು. ಅಲ್ಲಿಯವರೆಗೆ ಅವನು ಮೂರನೆಯ ಬೆಂಚನ್ನು ಕಿರ್ರೆನಿಸುವ ದಪ್ಪ ವಗ್ದಿಯಾಗಿದ್ದ. ಪ್ರಾರ್ಥನೆ ಮುಗಿದು ಎದ್ದಾಗ ಸಂತನಾಗಿದ್ದ, ಬೆಂಚು ಮಾತ್ರ ಮೊದಲಿನ ಹಾಗೇ ಕಿರ್ರೆಂದಿತು.

ಅಮ್ಮ ರೊಟ್ಟಿಯೊಳಗೆ ಲಿವರ್ ತುಂಬಿ ಕಾಗದದಲ್ಲಿ ಸುತ್ತಿ ಕೈಗಿತ್ತಳು. ಆಫೀಸಿಗೆ ಹೋಗುವ ದಾರಿಯಲ್ಲಿ ಯಾವುದಾದರೂ ಬೆಕ್ಕಿಗೆ ಹಾಕೋಣ ಎಂದು ಅವನು ದಿನವೂ ನಿಶ್ಚಯಿಸುತ್ತಿದ್ದ. ಶುಬ್ರಾದಲ್ಲಿ ಬೆಕ್ಕುಗಳಿಗೇನು ಬರವೇ. ಆದರೆ ಯಾವ ಬೆಕ್ಕೂ ಸರಿಯಾದ ಹೊತ್ತಿಗೆ ಎದುರಾಗುತ್ತಿರಲಿಲ್ಲ. ಎದುರಾಗುವ ಹೊತ್ತಿಗೆ ಕಾಗದ ಬರಿದಾಗಿರುತ್ತಿತ್ತು. ಇವತ್ತೂ ಚರ್ಚಿನ ಗೋಡೆಯವರೆಗೆ ಬರುವುದರೊಳಗೆ ಬೆರಳು ನೆಕ್ಕುತ್ತಿದ್ದ. ಬುಧವಾರದ ಬೆಳಗಿನ ಪೂಜೆ ನಡೆಯುತ್ತಿತ್ತು, ಹಿಂದಿನ ಒಲೆಮನೆಯಿಂದ ಮುದ್ರೆಯೊತ್ತಿದ ಗುಂಡು ರೊಟ್ಟಿಗಳ ಬಿಸಿ ಬೀದಿಗೆ ಬರುತ್ತಿತ್ತು. ಎಂಟು ವರ್ಷದ ವಗ್ದಿ ಅದೇ ಒಲೆಮನೆಗೆ ನುಗ್ಗಿ ಎರಡು ರೊಟ್ಟಿ ನುಂಗಿದ್ದ, ಖಾಲಿ ಹೊಟ್ಟೆಯಲ್ಲಿ ಪ್ರಸಾದಕ್ಕೆ ನಿಲ್ಲಬೇಕಾದ ದಿನ. ಸಾಲಿನಲ್ಲಿ ಅವನ ಅಂಗಿಯ ಮೇಲಿನ ಪುಡಿ ನೋಡಿ ಪಾದ್ರಿ ಗದರಿದಾಗ ಹದಿನಾಲ್ಕರ ನಸೀಮ್ ಮುಂದೆ ಬಂದು, ತಿಂದವನು ನಾನು, ಅವನ ಮೈಮೇಲೆ ಉದುರಿಸಿದವನೂ ನಾನೇ ಎಂದ. ಚರ್ಚಿನ ಮೆಟ್ಟಿಲ ಮೇಲೆ, ಎಲ್ಲರ ಮುಂದೆ, ಅಪ್ಪನ ಕೈ ನಸೀಮನ ಕೆನ್ನೆಗೆ ಬಿತ್ತು. ಮನೆಗೆ ಬರುವಾಗ ಅಣ್ಣ ಬೈಯಲಿಲ್ಲ. ಸ್ವಲ್ಪ ದೂರ ಸುಮ್ಮನೆ ನಡೆದು, "ಬಿಸಿ ಇತ್ತೇನೋ?" ಎಂದು ಕೇಳಿದ, ಅಷ್ಟೆ. ಬೈದಿದ್ದರೆ ಯಾವತ್ತೋ ಮರೆತುಹೋಗುತ್ತಿತ್ತು. ವಗ್ದಿ ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡು ರಸ್ತೆಯ ಇನ್ನೊಂದು ಬದಿಗೆ ದಾಟಿದ.

ನಡಿಗೆಯ ಕತೆಯೂ ಇಂಥದ್ದೇ. ಮೊದಲ ವಾರ ನೈಲ್ ದಂಡೆಯ ಮೇಲೆ ಬೆಳಿಗ್ಗೆ ಆರಕ್ಕೆ, ಹೊಸ ಬೂಟು ಹಾಕಿ, ಕೈ ಬೀಸಿಕೊಂಡು ಹೊರಟಿದ್ದ. ಉದ್ದ ನಿಲುವಂಗಿ ತೊಟ್ಟ ನಾಲ್ವರು ಅಜ್ಜಿಯರ ಗುಂಪೊಂದು, ಸೊಸೆಯಂದಿರನ್ನು ಬೈಯುತ್ತಲೇ, ಉಸಿರೂ ಏರದೆ ಅವನನ್ನು ದಾಟಿ ಹೋಯಿತು. ಅವರಲ್ಲೊಬ್ಬಳು ಹಿಂದಿರುಗಿ, "ಪಾಪ, ನಿಧಾನ ಮಗಾ, ನೈಲ್ ಎಲ್ಲೂ ಹೋಗಲ್ಲ" ಎಂದಳು. ಅವರು ತಿರುಗಿ ಬರುವಾಗ ಅವನಿನ್ನೂ ಅದೇ ದೀಪದ ಕಂಬದ ಹತ್ತಿರವೇ ಇದ್ದ. ಆದರೂ ನಡೆದ. ಅದು ಅವನಿಗೇ ಆಶ್ಚರ್ಯ. ಆರು ವಾರ, ಒಂದು ದಿನವೂ ತಪ್ಪಿಸದೆ ನಡೆದ, ಅದೂ ಪ್ರಾಮಾಣಿಕವಾಗಿ. ನಡೆದು ಮುಗಿಸಿ ಸೇತುವೆ ದಾಟಿ ಆಚೆ ದಡದ ಇಂಬಾಬಾಕ್ಕೆ ಹೋಗಿ, ತನ್ನ ಗುರುತೇ ಇಲ್ಲದ ಅಂಗಡಿಯಲ್ಲಿ ಬಸ್ಬೂಸ ತಿನ್ನುತ್ತಿದ್ದ. ತುಪ್ಪ ಸುರಿದು, ಪಾಕ ಕುಡಿಸಿ, ಮೇಲೆ ತೆಂಗಿನತುರಿ ಉದುರಿಸಿದ ರವೆಯ ತುಂಡುಗಳು. ಅದೂ ಅಷ್ಟೇ ಪ್ರಾಮಾಣಿಕವಾಗಿ.

ನೀರಿನ ಬಿಲ್ಲಿನ ಆಫೀಸಿನಲ್ಲಿ ಹತ್ತು ಗಂಟೆಗೆ ಕೆಲಸ ನಿಲ್ಲುತ್ತದೆ, ಮೇಜುಗಳು ಕೂಡಿಕೊಳ್ಳುತ್ತವೆ, ಹಳೆ ಪತ್ರಿಕೆಗಳ ಮೇಲೆ ಬೇಯಿಸಿದ ಫೂಲ್ ಕಾಳು, ವಡೆ, ಉಪ್ಪಿನಕಾಯಿ, ಹಸಿ ಈರುಳ್ಳಿ ಹರಡಿಕೊಳ್ಳುತ್ತವೆ. ಕಿಟಕಿಯ ಆಚೆ ಸಾಲುಗಟ್ಟಿದ ಜನರಿಗೂ ಇದು ಗೊತ್ತು. ಅವರೂ ನೆರಳು ಹುಡುಕಿಕೊಂಡು ಕೂರುತ್ತಾರೆ. ವಗ್ದಿ ತನ್ನ ಮೇಜಿನಲ್ಲೇ ಕೂತು ಪ್ಲಾಸ್ಟಿಕ್ ಡಬ್ಬಿ ತೆರೆದ. ಎರಡು ಸೌತೆಕಾಯಿ, ಒಂದು ಬೇಯಿಸಿದ ಮೊಟ್ಟೆ. ಮೊಟ್ಟೆ ಅವನನ್ನೇ ನೋಡಿತು.

"ಉಸ್ತಾಜ್ ವಗ್ದಿ, ನಿಮ್ಮ ಉಪವಾಸ ಹಬ್ಬದ ದಿನವೇ ಮುಗೀತಲ್ವಾ?" ಎದುರು ಮೇಜಿನ ಇನ್‌ಶಿರಾಹ್ ಮೇಡಂ ಕೇಳಿದಳು. ತಲೆವಸ್ತ್ರವನ್ನು ಗಲ್ಲದ ಕೆಳಗೆ ಸರಿಪಡಿಸಿಕೊಳ್ಳುತ್ತಾ, ರೊಟ್ಟಿಯಲ್ಲಿ ಫೂಲ್ ತುಂಬಿ ಅವಳು ಎದ್ದು ಬರುತ್ತಿದ್ದದ್ದು ಅವನಿಗೆ ಕಂಡಿತು.

"ಡಾಕ್ಟ್ರು ಹೇಳಿದಾರೆ ಮೇಡಂ. ಇವತ್ತು ತೂಕ ನೋಡ್ತಾರೆ."

"ಇವತ್ತೇನಾ? ಹಾಗಾದ್ರೆ ಬಾಯಿ ತೆಗೀರಿ. ಖಾಲಿ ಹೊಟ್ಟೇಲಿ ಹೋದ್ರೆ ತಲೆ ಸುತ್ತಿ ಬೀಳ್ತೀರಾ, ಬಿದ್ರೆ ನಿಮ್ಮನ್ನ ಎತ್ತೋರು ಯಾರು? ಈ ಆಫೀಸಲ್ಲಿ ಗಂಡಸರು ಅಂತ ಇರೋದು ನೀವೂ ಆ ಫ್ಯಾನೂ. ಎರಡೂ ನಿಧಾನವೇ." ಎಲ್ಲರೂ ನಕ್ಕರು. ಅವಳು ಮಾತ್ರ ನಗಲಿಲ್ಲ, ತಗ್ಗಿದ ದನಿಯಲ್ಲಿ ಹೇಳಿದಳು: "ನನ್ನ ತಮ್ಮ ಇದಾನಲ್ಲ, ನನಗೆ ಉಗುರು ಕೂಡ ಕೊಡೋನಲ್ಲ. ದೇವರು ನಿಮ್ಮಂಥೋರನ್ನ ಎಲ್ಲಿಟ್ಟು ಸಾಕ್ತಾನೋ. ತಗೊಳ್ಳಿ, ನನ್ನ ಮೇಲಾಣೆ."

ಆಣೆಯ ಮುಂದೆ ಪಥ್ಯದ ಆಟವೇನು. ಅವನು ತಿಂದ. ತಿನ್ನುವಾಗ ಅವಳ ಕಣ್ಣಿನಲ್ಲಿ ನೀರು ತುಂಬಿದ್ದು ನೋಡಿದ. ಅದನ್ನು ಈರುಳ್ಳಿಯ ಮೇಲೆ ಹಾಕಲು ನೋಡಿದ, ಆಗಲಿಲ್ಲ. ಇಷ್ಟು ವರ್ಷ ಈ ಆಫೀಸಿನಲ್ಲಿ ಯಾರೂ ಅವನಿಗೆ ಹೀಗೆ ತಿನ್ನಿಸಿರಲಿಲ್ಲ, ಅವನು ತಿನ್ನುವುದನ್ನು ಅಣಕಿಸಿದ್ದರು ಅಷ್ಟೆ. ನಾಲ್ಕನೆಯ ವಾರ, ಇಂಬಾಬಾದ ಅಂಗಡಿಯಲ್ಲಿ, ಮೂರನೆಯ ತುಂಡಿಗೆ ಕೈ ಹಾಕುವಾಗ ಅವನಿಗೆ ಸ್ಪಷ್ಟವಾಗಿ ಹೊಳೆದಿತ್ತು: ತೂಕ ಇಳಿಯದೇ ಹೋದರೆ ಯಾರೂ ಅವನನ್ನು ಹೇಡಿ ಅನ್ನುವುದಿಲ್ಲ. ಪಾಪ, ಪ್ರಯತ್ನಪಟ್ಟ, ಬಾಯಿಚಪಲ ಅನ್ನುತ್ತಾರೆ. ಹೊಟ್ಟೆಬಾಕ ಅನ್ನಿಸಿಕೊಂಡು ಅವನಿಗೆ ರೂಢಿಯಿತ್ತು, ಅದು ಹಳೆಯ ಚಪ್ಪಲಿಯ ಹಾಗೆ ಕಾಲಿಗೆ ಕೂತಿತ್ತು. ಡಾಕ್ಟರು ಕಾಗದದ ಮೇಲೆ ಮನುಷ್ಯನ ಹೊಟ್ಟೆಯ ಚಿತ್ರ ಬರೆದು, ಎದೆಯ ಗೂಡಿನ ಕೆಳಗಿನಿಂದ ಮಧ್ಯಕ್ಕೆ, ಅಲ್ಲಿಂದ ಪಕ್ಕೆಗೆ, ಪೆನ್ನಿನಿಂದ ಒಂದು ಗೆರೆ ಎಳೆದಿದ್ದರು. ಬಾಗಿಲು ಎಲ್ಲಿ ಇಡಬೇಕೆಂದು ಮೇಸ್ತ್ರಿ ಗೋಡೆಯ ಮೇಲೆ ಎಳೆಯುವ ಹಾಗೆ, ಅಷ್ಟೇ ಸಲೀಸಾಗಿ. ಆ ಗೆರೆ ಅವತ್ತಿನಿಂದ ಅವನ ಚರ್ಮದ ಮೇಲೆ ತಣ್ಣಗೆ ಓಡಾಡುತ್ತಿತ್ತು. ರಾತ್ರಿ ಊಟ ಸೇರುತ್ತಿರಲಿಲ್ಲ. ಅಮ್ಮ ಅದನ್ನು ಪಥ್ಯ ಎಂದುಕೊಂಡು ಅಳುತ್ತಿದ್ದಳು, ಅವನೂ ಪಥ್ಯ ಎಂದೇ ಹೇಳುತ್ತಿದ್ದ.

ಆಸ್ಪತ್ರೆಯ ಎರಡನೆಯ ಮಹಡಿಯ ಕಾರಿಡಾರಿನಲ್ಲಿ ನಸೀಮ್ ಆಗಲೇ ಬಂದು ಕೂತಿದ್ದ. ಎರಡು ತಿಂಗಳಿನಿಂದ ಮೂರನೆಯ ಮಹಡಿಯ ವಾರ್ಡೇ ಅವನ ಮನೆ. ತೋಳು ಕಡ್ಡಿ, ಕುತ್ತಿಗೆ ಕಡ್ಡಿ, ಕಣ್ಣು ಹಳದಿ. ನಡುವೆ ನೀರು ತುಂಬಿದ ಹೊಟ್ಟೆ ಮಾತ್ರ ಯಾರದೋ ಹೊಟ್ಟೆಯನ್ನು ಸ್ವಲ್ಪ ಹೊತ್ತು ನೋಡಿಕೊಳ್ಳಲು ಮಡಿಲಲ್ಲಿ ಇಟ್ಟುಕೊಂಡ ಹಾಗಿತ್ತು. ತಮ್ಮನ ಹೊಟ್ಟೆ ಇಳಿಯಬೇಕಾದ ವಾರಗಳಲ್ಲಿ ಅಣ್ಣನದು ಏರಿತ್ತು. ಬೆಂಚಿನಲ್ಲಿ ಪಕ್ಕಪಕ್ಕ ಕೂತಾಗ ಎದುರಿನ ಗಾಜಿನ ಬಾಗಿಲಲ್ಲಿ ಎರಡೂ ಹೊಟ್ಟೆಗಳು ಕಂಡವು.

"ನಮ್ಮಿಬ್ಬರಲ್ಲಿ ಯಾರಿಗೆ ಮೊದಲು ಹೆರಿಗೆ ಅಂತ ನರ್ಸ್ ಕೇಳಿದ್ಲು ಕಣೋ," ಎಂದ ನಸೀಮ್. "ನನ್ನ ತಮ್ಮನಿಗೇ ಅಂದೆ. ಅವನು ಹಡೀತಾನೆ, ನಾನು ಸಾಕ್ತೀನಿ ಅಂದೆ."

"ಸುಮ್ಮನಿರಣ್ಣ."

"ಅಮ್ಮ ಏನ್ಮಾಡ್ತಿದಾಳೆ?"

"ಲಿವರ್ ಹುರೀತಿದಾಳೆ."

ನಸೀಮ್ ಕಣ್ಣು ಮುಚ್ಚಿದ. "ಹಸಿಮೆಣಸಿನಕಾಯಿ ಹಾಕಿ?" ಎಂದ. ನಾಲ್ಕು ತಿಂಗಳಿನಿಂದ ಅವನಿಗೆ ಉಪ್ಪು ಇಲ್ಲ. "ಹಾಕಿ," ಎಂದ ವಗ್ದಿ. ಅಣ್ಣ ಮೂಗಿನಲ್ಲಿ ಆಳವಾಗಿ ಉಸಿರೆಳೆದುಕೊಂಡ, ಅಷ್ಟೇ ಸಾಕು ಅನ್ನುವ ಹಾಗೆ. ಅಷ್ಟರಲ್ಲಿ ಒಳಗಿನಿಂದ ಹೆಸರು ಕರೆದರು.

"ತೊಂಬತ್ತೇಳೂವರೆ," ಎಂದಳು ನರ್ಸ್. "ಬೆಲ್ಟು ತೆಗೀರಿ." ತೆಗೆದ. "ತೊಂಬತ್ತೇಳೂವರೆ," ಎಂದಳು ಮತ್ತೆ, ಬೆಲ್ಟಿನ ಮೇಲೆ ಬೇಸರವಾದವಳ ಹಾಗೆ. ಬದುಕಿಕೊಂಡೆ ಎಂದುಕೊಂಡು ವಗ್ದಿ ಬೆಲ್ಟನ್ನು ನಿಧಾನವಾಗಿ ಮತ್ತೆ ಕಟ್ಟಿಕೊಂಡ. ಮುಖವನ್ನು ದುಃಖಕ್ಕೆ ಸಿದ್ಧ ಮಾಡಿಕೊಂಡು ಡಾಕ್ಟರರ ಕೋಣೆಗೆ ಹೋದ. ಆ ಮುಖವನ್ನು ಬರುವಾಗ ಬಸ್ಸಿನ ಕಿಟಕಿಯ ಗಾಜಿನಲ್ಲಿ ಎರಡು ಸಲ ನೋಡಿಕೊಂಡಿದ್ದ.

ಡಾಕ್ಟರ್ ಲಮ್ಯಾ ಸಣ್ಣ ಮೈಯ ಹೆಂಗಸು, ತಿಂದಿದ್ದು ಎಲ್ಲಿ ಹೋಗುತ್ತದೋ ಎನ್ನಿಸುವಂಥವಳು. ಗಣಕದ ಪರದೆಯಿಂದ ಕಣ್ಣು ತೆಗೆಯದೆ ಕುರ್ಚಿ ತೋರಿಸಿದಳು.

"ಎರಡೂವರೆ ಕಿಲೋ ಜಾಸ್ತಿ ಇದೀರಾ."

"ತುಂಬಾ ಪ್ರಯತ್ನಪಟ್ಟೆ ಡಾಕ್ಟ್ರೇ. ದೇವರಾಣೆ."

"ಪಟ್ಟಿದೀರಾ, ಕಾಣ್ತಿದೆ. ಸೋಮವಾರದ ಸ್ಕ್ಯಾನ್ ನೋಡ್ದೆ. ಕೊಬ್ಬು ಮೊದಲು ಕರಗೋದು ಲಿವರಲ್ಲೇ, ಹೊಟ್ಟೆ ಆಮೇಲೆ. ನಿಮ್ಮದು ಚೆನ್ನಾಗಿ ಕರಗಿದೆ. ತೊಂಬತ್ತೈದು ಅಂತ ಹೇಳಿದ್ದು ನೀವು ನಡೀಲಿ ಅಂತ. ನನಗೆ ಬೇಕಾಗಿದ್ದು ಸಿಕ್ಕಿತು."

ದುಃಖದ ಮುಖವನ್ನು ಈಗ ಎಲ್ಲಿ ಇಡುವುದೆಂದು ಅವನಿಗೆ ತಿಳಿಯಲಿಲ್ಲ. ಸೊಂಟ, ತೊಡೆ, ಗಲ್ಲ, ಎಲ್ಲವೂ ಅವನ ಮಾತು ಕೇಳಿ ಬಸ್ಬೂಸವನ್ನು ನಿಷ್ಠೆಯಿಂದ ಕೂಡಿಟ್ಟುಕೊಂಡಿದ್ದವು. ಇದೊಂದು ಕಣ್ಣಿಗೆ ಕಾಣದ ಕಳ್ಳ ಮಾತ್ರ ಒಳಗೇ ಕೂತು ಡಾಕ್ಟರ ಮಾತು ಕೇಳಿತ್ತು. ಡಾಕ್ಟರ್ ಎದ್ದು ಬಾಗಿಲು ಹಾಕಿ ಬಂದು, ಈ ಸಲ ಅವನ ಮುಖ ನೋಡುತ್ತಾ ಕೂತಳು.

"ಇದನ್ನ ನಾನು ಕೊಡೋರನ್ನೆಲ್ಲ ಒಬ್ಬೊಬ್ಬರನ್ನೇ ಕೂರಿಸಿ ಕೇಳ್ತೀನಿ. ನಿಮಗೆ ಇಷ್ಟ ಇದೆಯಾ? ಇಲ್ಲ ಅಂದ್ರೆ ಹೇಳಿ, 'ಹೊಂದಿಕೆ ಆಗಲಿಲ್ಲ' ಅಂತ ಬರೀತೀನಿ. ಕಾರಣ ಬರೆಯಲ್ಲ. ಅಮ್ಮನಿಗೂ ಗೊತ್ತಾಗಲ್ಲ, ಅಣ್ಣನಿಗೂ ಗೊತ್ತಾಗಲ್ಲ. ನಮ್ಮಲ್ಲಿ ಇದು ಪದ್ಧತಿ. ಎಷ್ಟೋ ಜನ ಹಾಗೆ ಹೇಳಿ ಹೋಗಿದಾರೆ, ಅವರೇನು ಕೆಟ್ಟೋರಲ್ಲ."

ಅವನಿಗೆ ಮೊದಲು ಬಂದದ್ದು ಸಿಟ್ಟು. ಇಷ್ಟು ಸುಲಭವಿತ್ತೇ. ಆರು ವಾರ ಸೇತುವೆ ದಾಟಿ, ಗುರುತಿಲ್ಲದ ಅಂಗಡಿಯಲ್ಲಿ ಗೋಡೆಗೆ ಮುಖ ಮಾಡಿ, ಬೇಡದಿದ್ದರೂ ನುಂಗಿದ ಆ ತುಂಡುಗಳು. ಮೊದಲ ದಿನವೇ ಈ ಕುರ್ಚಿಯಲ್ಲಿ ಕೂರಿಸಿ ಈ ಪ್ರಶ್ನೆ ಕೇಳಿದ್ದರೆ ಇವತ್ತು ಅವನು ತೊಂಬತ್ತೈದು ಇರುತ್ತಿದ್ದನೇನೋ. "ಐದು ನಿಮಿಷ ಕೊಡಿ," ಎಂದ.

"ಹತ್ತು ತಗೊಳ್ಳಿ."

ಹೊರಗೆ ನಸೀಮ್ ಗೋಡೆಗೆ ತಲೆಯಾನಿಸಿ ಕೂತಿದ್ದ. ವಗ್ದಿ ಪಕ್ಕದಲ್ಲಿ ಕೂತ. ಬೆಂಚು ಕಿರ್ರೆಂದಿತು.

"ಎಷ್ಟು?"

"ತೊಂಬತ್ತೇಳೂವರೆ," ಎಂದ ವಗ್ದಿ. ಸುಳ್ಳೇನಲ್ಲವಲ್ಲ. ಅಷ್ಟು ಹೇಳಿ ಸುಮ್ಮನಾದ, ಉಳಿದ ಸುಳ್ಳನ್ನು ಮೌನವೇ ಹೇಳಲಿ ಎಂದು.

"ಅಷ್ಟೇ ತಾನೆ, ಪರವಾಗಿಲ್ಲ ಬಿಡೋ," ಎಂದ ನಸೀಮ್. "ನೀನೇನು ಬೇಕಂತ ಮಾಡಿದ್ಯಾ? ನಮ್ಮ ಮನೆತನದ ಮೈಯೇ ಹಾಗೆ. ಅಮ್ಮನಿಗೆ ನಾನು ಹೇಳ್ತೀನಿ, ನೀನು ಬಾಯಿ ಬಿಡಬೇಡ. ನಿನ್ನ ಅತ್ತಿಗೆ ಏನಾದ್ರೂ ಅಂದ್ರೆ ಮನಸ್ಸಿಗೆ ಹಚ್ಕೋಬೇಡ, ಅವಳಿಗೂ ನಾನೇ ಹೇಳ್ತೀನಿ. ಚರ್ಚಲ್ಲಿ ಯಾರಾದ್ರೂ ಮಾತಾಡಿದ್ರೆ ನನ್ನ ಹತ್ರ ಕಳಿಸು."

ವಗ್ದಿ ಅವನನ್ನು ನೋಡಿದ. ತಾನು ಹೇಳಿದ್ದಕ್ಕೂ ಅವನು ಹೇಳಿದ್ದಕ್ಕೂ ನಡುವೆ ಉಸಿರೆಳೆಯುವಷ್ಟು ಜಾಗವೂ ಇರಲಿಲ್ಲ. ಸಾಯುತ್ತೀಯ ಎಂದು ಈಗಷ್ಟೇ ಕೇಳಿಸಿಕೊಂಡ ಮನುಷ್ಯನ ಮುಖ ಒಂದು ಕ್ಷಣವಾದರೂ ಅಲ್ಲಾಡಬೇಕಿತ್ತು. ಅಲ್ಲಾಡಲಿಲ್ಲ. ಅತ್ತಿಗೆ, ಅಮ್ಮ, ಚರ್ಚು, ಎಲ್ಲರಿಗೂ ಉತ್ತರ ತಯಾರಿತ್ತು, ಮಡಿಸಿ ಇಸ್ತ್ರಿ ಮಾಡಿ ಇಟ್ಟುಕೊಂಡಿದ್ದ ಹಾಗೆ.

"ಯಾವಾಗಿಂದ ಗೊತ್ತಿತ್ತು ನಿಂಗೆ?"

"ಏನು?"

"ನಾನು ಇಳಿಸಲ್ಲ ಅಂತ."

ನಸೀಮ್ ಅಂಗೈಯಿಂದ ಹೊಟ್ಟೆಯನ್ನು ಸ್ವಲ್ಪ ಸರಿಸಿ ಕೂತ. "ಮೊದಲನೇ ವಾರವೇ. ನೀನು ಬಂದು ಇಲ್ಲೇ ಕೂತಿದ್ದೆ, ಸೌತೆಕಾಯಿ ತಿಂದೂ ತಿಂದೂ ನಾಲಗೆ ಸತ್ತು ಹೋಯ್ತು ಅಂತಿದ್ದೆ. ಮೀಸೇಲಿ ತೆಂಗಿನತುರಿ ಇತ್ತು."

"ಹೇಳಬಾರದಿತ್ತಾ?"

"ಹೇಳಿದ್ರೆ ಬಿಡ್ತಿದ್ಯಾ? ಮುಂದಿನ ಸಲ ಮೀಸೆ ಒರೆಸ್ಕೊಂಡು ಬರ್ತಿದ್ದೆ, ಅಷ್ಟೆ." ಅವನು ನಕ್ಕ. ಹಳದಿ ಕಣ್ಣುಗಳಲ್ಲಿ ಎಲ್ಲಿಯೂ ಕಹಿ ಇರಲಿಲ್ಲ. ಹುಡುಕಿದರೂ ಇರಲಿಲ್ಲ, ವಗ್ದಿ ಹುಡುಕಿದ. "ಹೆದರಿಕೆ ಆಗತ್ತೆ ಕಣೋ. ನಂಗೂ ಆಗ್ತಿತ್ತು ನಿನ್ನ ಜಾಗದಲ್ಲಿದ್ರೆ."

ಸುಳ್ಳು. ಅವನಿಗೆ ಆಗುತ್ತಿರಲಿಲ್ಲ. ಅದು ಸುಳ್ಳೆಂದು ಇಬ್ಬರಿಗೂ ಗೊತ್ತಿತ್ತು. ಈ ಮನುಷ್ಯ ಐದು ವಾರದಿಂದ ಪ್ರತಿ ಭೇಟಿಯಲ್ಲೂ ವಗ್ದಿಯ ಮೀಸೆ ನೋಡಿ, ಹೆರಿಗೆಯ ಜೋಕು ಮಾಡಿ, ಮೇಲಿನ ಮಹಡಿಗೆ ಹೋಗಿ ಮಲಗಿ, ತಮ್ಮನಿಗೆ ನೋವಾಗದ ಹಾಗೆ ಸಾಯುವುದು ಹೇಗೆಂದು ಲೆಕ್ಕ ಹಾಕಿದ್ದಾನೆ. ಸತ್ತ ಮೇಲೂ ಇವನು ಸುಮ್ಮನಿರುವುದಿಲ್ಲ. ಪ್ರತಿ ಊಟದ ಮೇಜಿನ ಆಚೆ ಇದೇ ಮುಖ ಇಟ್ಟುಕೊಂಡು ಕೂತಿರುತ್ತಾನೆ, ತಿನ್ನು ತಿನ್ನು ಎನ್ನುತ್ತಾ. ಆ ತಣ್ಣನೆಯ ಗೆರೆ ಮೈಮೇಲೆ ಈಗಲೂ ಓಡಾಡುತ್ತಿತ್ತು, ಹೆದರಿಕೆ ಎಳ್ಳಷ್ಟೂ ಕಡಿಮೆಯಾಗಿರಲಿಲ್ಲ. ಆದರೆ ಅದರ ಮೇಲೆ ಇನ್ನೊಂದು ಏರಿ ಕೂತಿತು, ಅವಮಾನವೋ ಸಿಟ್ಟೋ. ಅಣ್ಣ ತನ್ನನ್ನು ಇಷ್ಟು ಸುಲಭದಲ್ಲಿ ಕ್ಷಮಿಸಬಾರದು ಎಂದು ಜೀವನದಲ್ಲಿ ಮೊದಲ ಬಾರಿಗೆ ವಗ್ದಿಗೆ ಅನ್ನಿಸಿತು.

ವಗ್ದಿ ಎದ್ದ. "ಎಲ್ಲಿಗೋ?" ಎಂದ ನಸೀಮ್.

"ಆಗಲ್ಲ ಅಂತ ನಾನೆಲ್ಲಿ ಹೇಳಿದೆ ನಿಂಗೆ?" ಎಂದ ವಗ್ದಿ, ಜಗಳ ತೆಗೆದವನ ದನಿಯಲ್ಲಿ. "ನೀನು ತೂಕ ಕೇಳಿದೆ, ನಾನು ತೂಕ ಹೇಳಿದೆ. ಪ್ರತಿಯೊಂದಕ್ಕೂ ಮುಂಚೇನೇ ಮಾತು ಮುಗಿಸಿಬಿಡ್ತೀಯ ನೀನು."

ಬಾಗಿಲು ತಟ್ಟದೆ ಒಳಗೆ ಹೋದ. ಡಾಕ್ಟರ್ ಗಡಿಯಾರ ನೋಡಿದಳು. ಹತ್ತು ನಿಮಿಷ ಆಗಿರಲಿಲ್ಲ. ಅವನು ಕುರ್ಚಿಯಲ್ಲಿ ಕೂರದೆ ಮೇಜಿನ ಅಂಚು ಹಿಡಿದು ನಿಂತ.

"ಹೆದರಿಕೆ ಆಗ್ತಿದೆಯಾ?" ಎಂದಳು.

"ತುಂಬಾ."

"ಮತ್ತೆ?"

"ಅಣ್ಣ ಹೊರಗೆ ಕೂತು ನನ್ನನ್ನ ಕ್ಷಮಿಸಿಬಿಟ್ಟ ಡಾಕ್ಟ್ರೇ," ಎಂದ ವಗ್ದಿ. "ಎಲ್ಲಿ ಸಹಿ ಮಾಡಬೇಕು ಹೇಳಿ."